ಒಡೆದ ಎತ್ತಿನ ಮಣ್ಣು

ದೇವರು ಮನುಷ್ಯನನ್ನು ಮಾಡಿದನೋ, ಮನುಷ್ಯನೇ ದೇವರನ್ನು ಮಾಡಿಕೊಂಡನೋ ಎಂದು ನಮ್ಮ ಮನೆಯ ಕಟ್ಟೆಯ ಮೇಲೆ ಇವತ್ತಿಗೂ ವಾದ ನಡೆಯುತ್ತದೆ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ಸೃಷ್ಟಿಯ ಕಥೆಗಳೆಲ್ಲ ಕಟ್ಟುಕಥೆ ಎನ್ನುವವರು ಒಂದು ಕಡೆ, ಅವು ಹಿರಿಯರೆಲ್ಲರ ಒಟ್ಟು ನೆನಪು ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಚಹಾ ಕೊಟ್ಟು ಒಳಗೆ ಬಂದುಬಿಡುತ್ತೇನೆ. ಅಂಥದ್ದೊಂದು ಕಥೆಯನ್ನು ಹನ್ನೊಂದನೆಯ ವಯಸ್ಸಿನಲ್ಲಿ ನಾನೇ ಹುಟ್ಟಿಸಿದ್ದೆ. ಅದನ್ನು ಹೊತ್ತು ದಣಿದವಳಿಗೆ ವಾದ ರುಚಿಸುವುದಿಲ್ಲ.

ಮುಂಡಗೋಡದ ಕಡೆ, ಚಿಗಳ್ಳಿಯಲ್ಲಿ ನಮ್ಮ ಹೊಲ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡಿ ಪೂಜಿಸುವುದು ನಮ್ಮಲ್ಲಿ ಪದ್ಧತಿ. ಒಣಗುವಾಗ ಬಿರುಕು ಬಿಟ್ಟ ಎತ್ತನ್ನು ಪೂಜೆಗೆ ಇಡುವುದಿಲ್ಲ, ಬಿಸಾಡುವುದೂ ಇಲ್ಲ. ನೀರಿನಲ್ಲಿ ನೆನೆಹಾಕಿ ಅದೇ ಮಣ್ಣಿನಿಂದ ಮತ್ತೆ ಮಾಡಬೇಕು. ಆ ವರ್ಷ ಹಬ್ಬಕ್ಕೆ ಎಂಟು ದಿನ ಮೊದಲು ನನ್ನ ಮೂರು ವರ್ಷದ ತಂಗಿ ಚಳಿಜ್ವರದಲ್ಲಿ ತೀರಿಕೊಂಡಳು. ಸಣ್ಣ ಕೂಸಿನ ಸೂತಕ ಮೂರೇ ದಿನ, ಹಬ್ಬ ಬಿಡುವಂತಿಲ್ಲ ಎಂದರು ಹಿರಿಯರು. ಅವ್ವನಿಗೆ ಮೂರು ದಿನಕ್ಕೆ ಮುಗಿಯಲಿಲ್ಲ. ಮಲಗಿದವಳು ಏಳಲೇ ಇಲ್ಲ, ತುತ್ತು ಬಾಯಿಗಿಟ್ಟರೆ ಉಗುಳುತ್ತಿದ್ದಳು. ಇವಳೂ ಉಳಿಯುವುದಿಲ್ಲ ಎಂದು ಓಣಿಯ ಹೆಂಗಸರು ನನ್ನೆದುರೇ ಮಾತಾಡಿಕೊಂಡರು.

ಎತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಣ್ಣನ್ನು ಸರಿಯಾಗಿ ನಾದಿರಲಿಲ್ಲ, ಎರಡೂ ಎತ್ತು ಒಡೆದವು. ಅವ್ವನ ಪಕ್ಕದಲ್ಲೇ ಕುಳಿತು ಅವನ್ನು ನೀರಿಗೆ ಹಾಕುತ್ತ, ಏನು ಹೇಳುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಬಾಯಿ ಬಿಟ್ಟೆ.

"ಅವ್ವಾ, ದೇವರು ಮೊದಲನೇ ಸಲ ಮಂದೀನ್ನ ಮಾಡಿದಾಗೂ ಹಿಂಗ ಆಗಿತ್ತಂತ. ಸಣ್ಣ ಸಣ್ಣೂವು ಬಿಸಲಿಗೆ ಒಡದುವಂತ. ಆತ ಒಗೀಲಿಲ್ಲಂತ. ಮತ್ತ ಮಾಡಾಕ ನೆನಸಿ ಇಟ್ಟಾನಂತ."

ಅವ್ವ ಈ ಕಡೆ ತಿರುಗಿದಳು. "ಯಾರು ಹೇಳಿದ್ರು ನಿನಗ?"

"ಅಜ್ಜಿ," ಎಂದೆ. ಅಪ್ಪನ ತಾಯಿ ತೀರಿಕೊಂಡು ಒಂದು ವರ್ಷವಾಗಿತ್ತು, ಹೋಗಿ ಕೇಳುವಂತಿರಲಿಲ್ಲ. ಅವ್ವ ನನ್ನನ್ನೇ ನೋಡುತ್ತಿದ್ದು, ಆಮೇಲೆ ಎದ್ದು ಕುಳಿತು ಅರ್ಧ ರೊಟ್ಟಿ ತಿಂದಳು.

ಅಲ್ಲಿಂದ ಪ್ರತಿ ವರ್ಷ, ಒಡೆದ ಎತ್ತನ್ನು ನೆನೆಹಾಕುವಾಗ ಅವ್ವ ಕೈ ಮುಗಿಯುತ್ತಿದ್ದಳು. ದೇವರ ಹೆಸರಿನಲ್ಲಿ ಹೆತ್ತವಳಿಗೇ ಮೋಸ ಮಾಡಿದ್ದೆ. ಹೇಳಿಬಿಡೋಣವೆಂದರೆ ಅವಳು ಮತ್ತೆ ಹಾಸಿಗೆ ಹಿಡಿದರೆ ಎಂಬ ಹೆದರಿಕೆ.

ಮದುವೆಯಾಗಿ ಜೊಯಿಡಾಕ್ಕೆ ಬಂದೆ. ಗಂಡನಿಗೆ ಅಲ್ಲಿ ಕಾಡು ಕಾಯುವ ಕೆಲಸ. ಯುದ್ಧದ ಕಾಲ, ಸೀಮೆಎಣ್ಣೆ ಇಲ್ಲ, ಅಕ್ಕಿ ಇಲ್ಲ, ಜ್ವರ ಮಾತ್ರ ಬೇಕಾದಷ್ಟು. ನನ್ನ ಚೊಚ್ಚಲ ಬಸಿರು ಐದು ತಿಂಗಳಿಗೆ ಇಳಿದುಹೋಯಿತು. ನನ್ನನ್ನು ನೋಡಿಕೊಂಡವಳು ಕೊಂಕಣಿ ಮಾತಿನ ಒಬ್ಬ ಮುದಿ ಸೂಲಗಿತ್ತಿ. ಬಿಸಿನೀರು ಹೊಯ್ಯುತ್ತ, ಹರಕು ಮುರುಕು ಕನ್ನಡದಲ್ಲಿ ಆಕೆ ನನ್ನ ಕಥೆಯನ್ನೇ ನನಗೆ ಹೇಳಿದಳು: ದೇವರು ಮಣ್ಣಿನಲ್ಲಿ ಮಾಡಿದ ಮನುಷ್ಯರಲ್ಲಿ ಕೆಲವರು ಒಡೆದರು, ಅವರನ್ನು ನೆನೆಹಾಕಿ ಇಟ್ಟಿದ್ದಾನೆ. ನಿನಗೆ ಯಾರು ಹೇಳಿದರೆಂದು ಕೇಳಿದೆ. ತನ್ನ ಅಜ್ಜಿ ಎಂದಳು.

ಮನಸ್ಸು ಹಗುರಾಗಿ ಅತ್ತುಬಿಟ್ಟೆ. ಹಾಗಾದರೆ ನಾನು ಕಟ್ಟಿದ್ದಲ್ಲ. ಎಲ್ಲರೊಳಗೂ ಇದ್ದ ನೆನಪು ನನ್ನ ಬಾಯಿಂದ ಬಂದಿತ್ತು ಅಷ್ಟೆ. ಚೇತರಿಸಿಕೊಂಡ ಕೂಡಲೇ ತವರಿಗೆ ಹೋದೆ. ಅಂದು ಸುಳ್ಳು ಹೇಳಿದ್ದನ್ನೂ, ಅದು ಸುಳ್ಳಲ್ಲವೆಂದು ಜೊಯಿಡಾದಲ್ಲಿ ತಿಳಿದದ್ದನ್ನೂ ಅವ್ವನಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕೂಸು ಹೋದಮ್ಯಾಲ ದಾಂಡೇಲಿ ಕಟಗಿ ಡಿಪೋದಾಗ ಎರಡು ಬ್ಯಾಸಗಿ ಕೂಲಿಗೆ ಹೋಗಿದ್ನಲ್ಲ. ಅಲ್ಲಿ ಕೂಸು ಕಳಕೊಂಡಾಕಿ ನಾ ಒಬ್ಬಾಕೀನ ಅಲ್ಲ. ಎಲ್ಲಾರಿಗೂ ಈ ಕಥಿ ಹೇಳೇನಿ. ಜೊಯಿಡಾದ ಕಡೆಯವರೂ ಇದ್ರು. ಮಗಳು ಹೇಳಿದ್ಲು ಅಂದ್ರ ಯಾರು ಕೇಳತಾರ? ಅಜ್ಜಿ ಹೇಳಿದ್ಲು ಅಂದೆ."

ಸೂಲಗಿತ್ತಿಯೂ ಹಾಗೆಯೇ ಮಾಡಿದ್ದಳೋ, ನಿಜವಾಗಿ ಅವಳ ಅಜ್ಜಿಯೇ ಹೇಳಿದ್ದಳೋ, ನನಗೆ ಈಗಲೂ ಗೊತ್ತಿಲ್ಲ.

"ಅಂದ್ರ ನೀ ಅವತ್ತು ನಂಬಿದ್ದಿ," ಎಂದೆ.

"ನಿಮ್ಮಜ್ಜಿ ಹಡದ ಏಳರಾಗ ನಾಕು ಹೋಗಿದ್ವು. ಅಂಥಾ ಕಥಿ ಆಕೀಗೆ ಗೊತ್ತಿದ್ರ ಮೊದಲ ನನಗ ಹೇಳತಿದ್ಲು. ಹನ್ನೊಂದು ವರ್ಷದಾಕಿ ನೀ, ಒಡದ ಎತ್ತು ನೀರಿಗೆ ಹಾಕಕೋತ, ನನ್ನ ಉಳಸಾಕ ದೇವರನ್ನ ಹುಟ್ಟಸಾಕ ಹತ್ತಿದ್ದಿ. ನೋಡಿ ನಾಚಿಕಿ ಬಂತು. ಎದ್ದು ಉಂಡೆ."

ಮತ್ತೆ ಇಷ್ಟು ವರ್ಷ ಕೈ ಮುಗಿದದ್ದು ಯಾತಕ್ಕೆ ಎಂದು ಕೇಳಿದೆ. ನನಗೆ ಸಿಟ್ಟೇ ಬಂದಿತ್ತು.

ಅವ್ವ ಮೊರ ಕೆಳಗಿಟ್ಟಳು. "ಹೋದಾಕಿ ನನಗ ಮಗಳಾದ್ರ ನಿನಗ ತಂಗಿ ಅಲ್ಲೇನು? ಹೇಳಕೋತ ಹೇಳಕೋತ ನೀನೂ ನಂಬಕೊಂಡೀದಿ ಅಂತ ತಿಳಕೊಂಡೆ. ಅದನ್ನ ನಿನ್ನಿಂದ ಹೆಂಗ ಕಸಗೊಳ್ಳಲಿ?"