ಬಾಣಂತನಕ್ಕೆ ಕೇಳಿದ ರಿಪೋರ್ಟು

ಇಂದಿರಾನಗರದಾಚೆಯ ವಿಮಾ ನೌಕರರ ಕಾಲೊನಿಯಲ್ಲಿ ರಮಾಮಣಿ ನಮ್ಮ ಪಕ್ಕದ ಮನೆಯವರು. ಹಾಲಿನ ಬೂತಿನಲ್ಲಿ ಸಾಲು ಮುರಿದವರನ್ನು ಹೆಸರು ಹಿಡಿದು ಕರೆದು ಹಿಂದಕ್ಕೆ ಕಳಿಸುತ್ತಿದ್ದ ಹೆಂಗಸು. ೨೦೦೪ರಲ್ಲಿ ಅವರಿಗೆ ಕ್ಷಯ ಬಂತು. ಹೇಳಿದ ದಿನಗಳಲ್ಲೆಲ್ಲ ಹಲಸೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ನರ್ಸ್ ಎದುರಿಗೇ ಮಾತ್ರೆ ನುಂಗಿದರು. ಆರು ತಿಂಗಳಲ್ಲಿ ಒಂದು ಸಲವೂ ತಪ್ಪಿಸಲಿಲ್ಲ. ಕೊನೆಗೆ ಕಫದಲ್ಲಿ ಕ್ರಿಮಿ ಇರಲಿಲ್ಲ. ರಕ್ತದಲ್ಲಿ ಸೋಂಕಿನ ಸುಳಿವು ಕೊಡುವ ಇ.ಎಸ್.ಆರ್. ಕೂಡ ತೊಂಬತ್ತರಿಂದ ಹನ್ನೆರಡಕ್ಕೆ ಇಳಿದಿತ್ತು. ವಾಸಿಯಾಗಿದೆ ಎಂದರು ಡಾಕ್ಟರು.

ಡಾಕ್ಟರು ಹೇಳಿದರೆ ಸಾಕೆ? ಬೀಗಿತ್ತಿ ಒಪ್ಪಬೇಡವೆ! ಮಗಳು ಶ್ರೀವಿದ್ಯಾ ಆಗ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು. ಕಮ್ಮನಹಳ್ಳಿಯಿಂದ ಅಳಿಯನ ತಾಯಿ ಫೋನು ಮಾಡಿದರು. "ನಿಮ್ ಬ್ಲಡ್ ರಿಪೋರ್ಟ್ ಕ್ಲೀನಾಗಿ ಬರ್ಲಿ, ಆಮೇಲೆ ಕಳಿಸ್ತೀನಿ."

ರಮಾಮಣಿ ರಕ್ತ ಕೊಟ್ಟು ಬಂದ ಇಂದಿರಾನಗರದ ಖಾಸಗಿ ಲ್ಯಾಬೊಂದು ಕ್ಷಯದ ಆ್ಯಂಟಿಬಾಡಿ ಪರೀಕ್ಷೆ ಮಾಡಿ 'ಪಾಸಿಟಿವ್' ಎಂದು ಕೊಟ್ಟಿತು. "ಬಾಣಂತನ ನಮ್ಮಲ್ಲೇ ಆಗ್ಲಿ. ಮಗೂನ ನೀವು ಮುಟ್ಟೋದು ಬೇಡ" ಎಂದುಬಿಟ್ಟರು ಬೀಗಿತ್ತಿ. ಆರು ತಿಂಗಳ ಮಾತ್ರೆಗಿಂತ ಆ ಒಂದು ಹಾಳೆ ಹೆಚ್ಚಾಯಿತು. ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ರಮಾಮಣಿ ಆ ಹಾಳೆ ಹಿಡಿದು ಹಲಸೂರಿಗೆ ಓಡಿದರು. ಅಲ್ಲಿ ಕಫ ಪರೀಕ್ಷೆ ಮಾಡುವ ಚಲುವಯ್ಯ ಅದನ್ನು ನೋಡಿ ಸಿಡುಕಿದರು.

"ಇದನ್ಯಾಕಮ್ಮ ಮಾಡಿಸಿದ್ರಿ? ನಿಮ್ ಮೈ ಯಾವಾಗ್ಲೋ ಕ್ರಿಮಿ ಜೊತೆ ಹೋರಾಡಿದ್ದಕ್ಕೆ ಇದು ಗುರುತು ಅಷ್ಟೆ. ವಾಸಿಯಾದ್ಮೇಲೂ ಉಳಿಯುತ್ತೆ. ಒಂದಿನಾನೂ ಕೆಮ್ಮದೇ ಇರೋರಿಗೂ ಎಷ್ಟೋ ಸಲ ಪಾಸಿಟಿವ್ ಬರುತ್ತೆ."

"ಕೆಮ್ಮದೇ ಇರೋರಿಗೂನಾ?" ಎಂದು ರಮಾಮಣಿ ಎರಡು ಸಲ ಕೇಳಿದರು.

ಮರುದಿನ ನನ್ನನ್ನೂ ಎಳೆದುಕೊಂಡು ಕಮ್ಮನಹಳ್ಳಿಗೆ ಹೊರಟರು. ಚಲುವಯ್ಯನ ಮಾತನ್ನು ಬೀಗಿತ್ತಿ ಕಿವಿಗೇ ಹಾಕಿಕೊಳ್ಳಲಿಲ್ಲ.

"ಹಾಗಾದ್ರೆ ನೀವೂ ಅದೇ ಟೆಸ್ಟ್ ಮಾಡಿಸ್ಕೊಳ್ಳಿ. ನೆಗೆಟಿವ್ ಬಂದ್ರೆ ನಾನು ತುಟಿ ಬಿಚ್ಚಲ್ಲ" ಎಂದರು ರಮಾಮಣಿ.

"ನಂಗೇನ್ರೀ ಆಗಿದೆ, ಗುಂಡುಕಲ್ಲಿನ ಹಾಗಿದೀನಿ!" ಬೀಗಿತ್ತಿ ನಗುತ್ತಲೇ ಅದೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟರು.

ರಿಪೋರ್ಟು ಬಂದ ದಿನ ನಾವಿಬ್ಬರೂ ಕಮ್ಮನಹಳ್ಳಿಯ ಮನೆಯಲ್ಲೇ ಇದ್ದೆವು. ಅಳಿಯ ಜಯಂತ್ ಲಕೋಟೆ ಒಡೆದು ಗಟ್ಟಿಯಾಗಿ ಓದಿದ. ಪಾಸಿಟಿವ್.

ಬೀಗಿತ್ತಿಯ ಮುಖ ಕಪ್ಪಿಟ್ಟಿತು. "ಲ್ಯಾಬ್‌ನೋರು ಏನೋ ಎಡವಟ್ಟು ಮಾಡಿದಾರೆ."

"ನಂದು ಮಾತ್ರ ಸರಿಯಾಗಿ ನೋಡಿದ್ರೇನ್ರೀ?" ಎನ್ನುತ್ತ ರಮಾಮಣಿ ಅತ್ತೇಬಿಟ್ಟರು. ಅಷ್ಟು ಜಗಳಗಂಟಿ ಹೆಂಗಸು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ.

ಅಷ್ಟು ದಿನ ಬಾಯಿ ಬಿಡದಿದ್ದ ಶ್ರೀವಿದ್ಯಾ ಹೊಟ್ಟೆ ಹಿಡಿದುಕೊಂಡು ಎದ್ದಳು.

"ಜಯಂತ್, ಅಟ್ಟದಿಂದ ಸೂಟ್‌ಕೇಸ್ ಇಳಿಸಿಕೊಡಿ. ಮಗೂನ ಮೊದ್ಲು ಎತ್ಕೊಳ್ಳೋದು ನಮ್ಮಮ್ಮನೇ."