ಅಣ್ಣ ಕಟ್ಟಿದ್ದನ್ನು ತಂಗಿ ಬಿಚ್ಚುವ ದಿನ

ಖಾನಾಪುರದಿಂದ ಮೊದಲ ಬಸ್ಸಿಗೆ ಬಂದಿಳಿಯುವ ತ್ರಿವೇಣಿ, ಖಾಸಬಾಗದ ಆಚೆಗಿರುವ ಖಾಸಗಿ ಡೇಟಾ ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸ್ವೆಟರಿನ ಮೇಲೊಂದು ಸ್ವೆಟರ್ ಹಾಕಿಕೊಳ್ಳುತ್ತಾರೆ. ಒಳಗೆ ಮೈ ನಡುಗಿಸುವ ಚಳಿ, ಫ್ಯಾನುಗಳ ಗದ್ದಲ. ಆಳೆತ್ತರದ ರ‍್ಯಾಕುಗಳಲ್ಲಿ ಸರ್ವರುಗಳು, ಅಂದರೆ ಹಗಲಿರುಳು ಓಡುವ ಕಂಪ್ಯೂಟರುಗಳು, ಕೂತಿವೆ. ಅವುಗಳ ಬೆನ್ನಿಗೆ ಮಂಡಿಯೂರಿ ಕೂತು ನೀಲಿ ಕೇಬಲುಗಳನ್ನು ಓರಣವಾಗಿ ಕಟ್ಟುವುದು ಅವರ ನಿತ್ಯದ ಕೆಲಸ. ಇವತ್ತು ಮಾತ್ರ ಕಟ್ಟುವುದಿಲ್ಲ, ಬಿಚ್ಚಬೇಕು.

ನಾವು ಮೊಬೈಲಿನಲ್ಲಿ ಹಾಲಿನವನಿಗೆ ದುಡ್ಡು ಕಳಿಸಿ ಸುಮ್ಮನಾಗುತ್ತೇವೆ. ಅದು ಹೋಗುವ ದಾರಿಯನ್ನು ಯಾರೋ ಕೂತು ಕಟ್ಟಿರುತ್ತಾರೆ ಎಂದು ನಮಗೆಲ್ಲಿ ಹೊಳೆಯಬೇಕು! ಯಾವ ರ‍್ಯಾಕಿಗೆ ಎಂಥ ಕಟ್ಟು, ಕೇಬಲು ಮೇಲಿಂದ ಬರಬೇಕೋ ಬದಿಯಿಂದಲೋ ಎಂದು ಆರಿಸುವವರು ಈ ತ್ರಿವೇಣಿಯೇ.

"ಪ್ಲಾಸ್ಟಿಕ್ ಟೈ ಸೋವಿ ಅದ ರೀ. ಎಳದ್ರ ಗಪ್ ಅಂತ ಕುಂದರತೈತಿ. ಆದ್ರ ಕೇಬಲ್ ಒಳಗಿಂದೊಳಗ ನುಗ್ಗಾಗತೈತಿ, ಒಂದು ಕೆಟ್ರ ಇಡೀ ಕಟ್ಟು ಕತ್ತರಸಬೇಕು. ಚಪ್ಪಲಿಗೆ ಇರ್ತೈತಲ್ಲ, ಅಂಥಾ ವೆಲ್‌ಕ್ರೋ ಪಟ್ಟಿ ಆದ್ರ ಬಿಚ್ಚಿ ಮತ್ತ ಕಟ್ಟಬಹುದು."

ಇದನ್ನೆಲ್ಲ ಕಲಿಸಿದವರು ಅಣ್ಣ ರಾಮಲಿಂಗ. ಕುರಿ ಕಾಯುವ ಮನೆತನದಿಂದ ಬಂದು ಈ ಕೋಣೆಯ ಕೆಲಸ ಹಿಡಿದವರು. "ಮೊದಲನೇ ರ‍್ಯಾಕಿಗೆ, ಕುರಿ ಮೇಯಾಕ ಹಗ್ಗ ಬಿಟ್ಟಂಗ ಕೇಬಲ್ ಉದ್ದಕ ಬಿಟ್ಟಿದ್ದ. ಗಾಳಿಗೆ ಅಡ್ಡಾಗಿ ಮಶೀನ ಕಾದು ಬಂದ್ ಆತು. ಎಲ್ಲಾರ ಕಡಿಂದ ಬೈಸಿಕೊಂಡ. ಮರುದಿನಾನ ಬಾಜೂಕ ಉದ್ದನ್ನ ಡಬ್ಬಿ ಕೂಡಿಸಿ ಅದರಾಗ ಹಾಯಿಸಿದ" ಎನ್ನುವಾಗ ತ್ರಿವೇಣಿ ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಹೋದ ಮಳೆಗಾಲ ಲೋಂಡಾ ರಸ್ತೆಯಲ್ಲಿ ಬೈಕು ಜಾರಿ ರಾಮಲಿಂಗ ತೀರಿಕೊಂಡರು. ಕೆಲಸವೆಲ್ಲ ತಂಗಿಯ ಹೆಗಲಿಗೆ ಬಂತು. ಈಗ ಹಳೆಯ ಯಂತ್ರಗಳು ಗುಜರಿಗೆ ಹೋಗುತ್ತಿವೆ, ಅವುಗಳೊಂದಿಗೆ ಅಣ್ಣ ಕಟ್ಟಿದ ಕೇಬಲುಗಳೂ. ಉಳಿದಿರುವುದು ಇದೊಂದೇ ರ‍್ಯಾಕು. ಸಂಜೆಯೊಳಗೆ ಇದೂ ಖಾಲಿಯಾಗಬೇಕು.

"ಹೊಸಾ ಮಶೀನಿಗೆ ನಿಮ್ಮ ಮನಸಿಗೆ ಬಂದಂಗ ಆರಸ್ರಿ ಅಂದಾರ ಕಂಪನಿಯವ್ರು. ನಾ ಖುಷಿ ಪಡಬೇಕ್ರಿ ಖರೇ. ಆದ್ರ ಅಣ್ಣ ಕಟ್ಟಿದ್ದೆಲ್ಲಾ ಬಿಚ್ಚಿದೆ ಅಂತ ಅವ್ವಗ ಹೆಂಗ ಹೇಳ್ಲಿ?"

ಅವ್ವ ಫಕೀರವ್ವನಿಗೆ ಮಗ ಮಾಡುತ್ತಿದ್ದ ಕೆಲಸ ಎಂಥದ್ದೆಂದು ಇಂದಿಗೂ ತಿಳಿದಿಲ್ಲ. ಕೋಣೆಯೊಳಗೆ ಫೋಟೊ ತೆಗೆಯುವಂತಿಲ್ಲ, ಹೊರಗಿನವರು ಬರುವಂತಿಲ್ಲ. "ಮಗ ಅಂತೂ ಹೋದ. ಅಂವ ಮಾಡಿದ್ದನ್ನರೆ ಒಮ್ಮೆ ಕಣ್ಲೆ ನೋಡತೀನಿ" ಎಂದು ಅವರು ಹಟ ಹಿಡಿದಿದ್ದಾರೆ. ತ್ರಿವೇಣಿ ಮತ್ತೆ ಮತ್ತೆ ಬೇಡಿಕೊಂಡ ಮೇಲೆ, ಕೊನೆಗೆ ಸೂಪರ್‌ವೈಸರ್ ಸುಮಿತ ಮೇಲಿನವರನ್ನು ಒಪ್ಪಿಸಿದ್ದಾರೆ. ಇದನ್ನು ಬರೆಯಲು ಬಂದ ನನಗೆ ಸಿಕ್ಕ ಅನುಮತಿಯ ಜೊತೆಗೇ ಆ ತಾಯಿಗೂ ಸಿಕ್ಕಿದೆ.

ಬಿಸಿಲೇರುವ ಹೊತ್ತಿಗೆ ಫಕೀರವ್ವ ಬರುತ್ತಾರೆ. ಚಳಿಗೆ ಸೆರಗು ಬಿಗಿಯಾಗಿ ಹೊದ್ದುಕೊಳ್ಳುತ್ತಾರೆ. ಮಗಳು ರ‍್ಯಾಕಿನ ಹಿಂಬಾಗಿಲು ತೆರೆದು, "ಇದ ನೋಡಬೇ, ಅಣ್ಣ ಕಟ್ಟಿದ್ದು" ಎನ್ನುತ್ತಾರೆ.

ಸಾಲುಸಾಲಾಗಿ ಇಳಿದ ನೀಲಿ ಕೇಬಲುಗಳನ್ನು ತಾಯಿ ಹತ್ತಿರದಿಂದ ನೋಡುತ್ತಾರೆ. ಆಮೇಲೆ ಒಂದು ವೆಲ್‌ಕ್ರೋ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸುತ್ತಾರೆ. ಬೆರಳುಗಳು ಸಲೀಸಾಗಿ ಒಳಗೆ ಹೋಗುತ್ತವೆ. ಅವರ ಕಣ್ಣು ತುಂಬಿ ಬರುತ್ತದೆ.

"ಮರಿ ಕೊಳ್ಳಾಗ ಹಗ್ಗ ಕಟ್ಟಿದ್ರ ಎರಡು ಬೆರಳು ಒಳಗ ಹೋಗಬೇಕು, ಇಲ್ಲಾಂದ್ರ ಅದರ ಉಸರ ಕಟ್ಟತೈತಿ ಅಂತ ನಾನ ಅಂವಗ ಕಲಿಸಿದ್ದೆ" ಎನ್ನುತ್ತಾರೆ.

ತ್ರಿವೇಣಿ ಗೋಡೆ ಕಡೆ ತಿರುಗಿ ಅಳುತ್ತಾರೆ. ಫಕೀರವ್ವ ಮಾತ್ರ ಮೇಲಿನಿಂದ ಕೆಳಗಿನವರೆಗೆ ಪ್ರತಿ ಪಟ್ಟಿಗೂ ಬೆರಳಿಟ್ಟು ನೋಡುತ್ತಾರೆ. ಕೊನೆಯದು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳನ್ನು ಕರೆಯುತ್ತಾರೆ.

"ಒಂದೂ ಬಿಗಿ ಕಟ್ಟಿಲ್ಲ ನನ್ನ ಮಗ. ಈಗ ಬಿಚ್ಚವಾ."