ಎತ್ತಿದ ಬಕೆಟ್ ಬೀಳುತ್ತಿದ್ದದ್ದು ಯಾಕೆ

2002ರಲ್ಲಿ ನಾನು ಕೆ.ಆರ್. ಪುರದ ಒಂದು ಹೈಡ್ರಾಲಿಕ್ ಅಂಗಡಿಯಲ್ಲಿ ಮೆಕ್ಯಾನಿಕ್. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೋಸ್, ಸೀಲ್, ವಾಲ್ವ್, ಇಷ್ಟೇ ನನ್ನ ವಿದ್ಯೆ. ಅದು ಮಾತ್ರ ಚೆನ್ನಾಗಿ ಗೊತ್ತು.

ಬಾಣಸವಾಡಿಯ ಮುನಿರಾಜಣ್ಣ ಹೊಲ ಮಾರಿದ ಮೇಲೆ ಟ್ರ್ಯಾಕ್ಟರಿನ ಮುಂದೆ ದೊಡ್ಡ ಕಬ್ಬಿಣದ ಬಕೆಟ್ಟಿನ ಲೋಡರ್ ಕೂರಿಸಿ ಬಾಡಿಗೆಗೆ ಬಿಟ್ಟಿದ್ದರು. ಮರಳು, ಜಲ್ಲಿ ಎತ್ತುವ ಕೆಲಸ. ಎತ್ತಿದ ಬಕೆಟ್ ಒಮ್ಮೊಮ್ಮೆ ದಡ್ ಅಂತ ಬೀಳುತ್ತದೆ ಎಂದು ಗಾಡಿಯನ್ನು ನಮ್ಮ ಅಂಗಡಿಗೆ ತಂದರು. ಹಿಂದಿನ ದಿನ ಜಲ್ಲಿ ಬಾಚುತ್ತಿದ್ದ ಹೆಂಗಸಿನಿಂದ ಗೇಣು ದೂರದಲ್ಲಿ ಬಿದ್ದಿತ್ತು.

“ಎರಡ್ ಸಲ ಸೀಲ್ ಹಾಕ್ಸಾಯ್ತು. ವಾಲ್ವೇ ಹೊಸದು ಹಾಕ್ಬಿಡಪ್ಪ. ಇನ್ನೊಂದ್ ಸಲ ಬಿದ್ರೆ ಯಾರಾದ್ರೂ ಸಾಯ್ತಾರೆ,” ಎಂದರು.

ಅವರ ಡ್ರೈವರ್, ಜೋಗುಪಾಳ್ಯದ ಸೆಲ್ವ, ಲಿವರ್ ಆಡಿಸಿ ತೋರಿಸಿದ. ಬಕೆಟ್ ಏರಿತು, ನಿಂತಿತು, ಇಳಿಯಿತು. ಬೀಳಲಿಲ್ಲ. ಸೀಲ್ ಹೋಗಿದ್ದರೆ ಎಣ್ಣೆ ಸೋರಿ ಬಕೆಟ್ ನಿಧಾನವಾಗಿ ಜಾರುತ್ತದೆ, ಒಮ್ಮೆಲೇ ಬೀಳುವುದಿಲ್ಲ. ಇಳಿ, ನಾನು ನೋಡುತ್ತೇನೆ ಎಂದೆ.

“ಬೇಡ ಮಗಾ. ಈ ಗಾಡಿ ನನ್ ಕೈ ಬಿಟ್ರೆ ಯಾರಿಗೂ ಬಗ್ಗಲ್ಲ. ಮುನಿರಾಜಣ್ಣನ ಅಕ್ಕನ ಮಗ ಒಂದಿನ ಓಡ್ಸಿ ಬಿಟ್ಟೋಡೋದ.”

“ನಾನೇನ್ ನಿನ್ ಗಾಡೀನ ಮದ್ವೆ ಆಗ್ತೀನಾ? ಇಳಿಯೋ.”

ಎಲ್ಲರನ್ನೂ ದೂರ ನಿಲ್ಲಿಸಿ ಲಿವರನ್ನು ಹಿಂದಕ್ಕೆ ಎಳೆದೆ. ಬಕೆಟ್ ಏರಬೇಕಿತ್ತು. ಅದು ನೆಲಕ್ಕೆ ಒತ್ತಿ, ಟ್ರ್ಯಾಕ್ಟರಿನ ಮುಂದಿನ ಚಕ್ರಗಳೇ ಮೇಲೆದ್ದವು. ಮುಂದಕ್ಕೆ ತಳ್ಳಿದೆ, ಬಕೆಟ್ ಏರಿತು. ಕೊನೆಯವರೆಗೂ ತಳ್ಳಿದೆ. ದಡ್!

ವಿಷಯ ಇಷ್ಟೇ. ಲಿವರ್ ಆಡಿಸಿದಾಗ ವಾಲ್ವ್ ತೆರೆದು, ಹೋಸ್ ಮೂಲಕ ಎಣ್ಣೆ ಸಿಲಿಂಡರಿಗೆ ನುಗ್ಗಿ ಬಕೆಟನ್ನು ಆಡಿಸುತ್ತದೆ. ಲಿವರ್ ಎಳೆದರೆ ಎತ್ತುವುದು, ತಳ್ಳಿದರೆ ಇಳಿಸುವುದು. ಇಳಿಸುವ ಕಡೆಯ ಕೊನೆಯಲ್ಲಿ ‘ಫ್ಲೋಟ್’ ಎಂಬ ಸ್ಥಾನವಿದೆ. ಬಕೆಟ್ ನೆಲದ ಏರುತಗ್ಗಿಗೆ ತಾನೇ ಹೊಂದಿಕೊಂಡು ಹೋಗಲಿ ಎಂದು ಅಲ್ಲಿ ಸಿಲಿಂಡರಿನ ಎರಡೂ ಕಡೆಯ ಎಣ್ಣೆಗೆ ಟ್ಯಾಂಕಿನ ದಾರಿ ತೆರೆಯುತ್ತದೆ. ಇಲ್ಲಿ ಎರಡು ಹೋಸ್ ಅದಲುಬದಲಾಗಿ, ಫ್ಲೋಟ್ ಎತ್ತುವ ಕಡೆಯ ಕೊನೆಗೆ ಬಂದಿತ್ತು. ಸೆಲ್ವ ತೋರಿಸಿದಂತೆ ಅರ್ಧ ತಳ್ಳಿದರೆ ತೊಂದರೆಯಿಲ್ಲ; ಅವಸರದಲ್ಲಿ ಪೂರ್ತಿ ತಳ್ಳಿದರೆ ಬಕೆಟನ್ನು ಹಿಡಿದು ನಿಲ್ಲಿಸಲು ಏನೂ ಇಲ್ಲ.

“ವಾಲ್ವ್ ಚೆನ್ನಾಗೇ ಇದೆ. ಹೋಸ್ ಉಲ್ಟಾ ಹಾಕಿದ್ಯಾರು?” ಎಂದು ಕೇಳಿದೆ.

ಸೆಲ್ವ ಮುನಿರಾಜಣ್ಣನ ಕಡೆ ತಿರುಗಿದ. “ನಾನೇ ಅಣ್ಣ,” ಎಂದ. “ನೀವು ನಿಮ್ಮಕ್ಕನ ಮಗನ್ನ ನನ್ ಜಾಗಕ್ಕೆ ಕೂರಿಸ್ತೀನಿ ಅಂದ್ರಲ್ಲ, ಅವ್ನಿಗೆ ಓಡ್ಸಕ್ಕೆ ಬರಬಾರ್ದು ಅಂತ ಹಾಕ್ದೆ. ಹಿಂಗ್ ಬೀಳತ್ತೆ ಅಂತ ಸತ್ಯವಾಗ್ಲೂ ಗೊತ್ತಿರ್ಲಿಲ್ಲ.”

“ನಿನ್ ಕೆಲ್ಸ ಉಳಿಸ್ಕೊಳಕ್ಕೆ ಆಯಮ್ಮನ್ ಜೀವ ತೆಗೀತಿದ್ಯಲ್ಲೋ!” ಮುನಿರಾಜಣ್ಣ ಕೀ ಕಿತ್ತುಕೊಂಡರು.

ಹೋಸ್‌ಗಳನ್ನು ಸರಿಯಾಗಿ ಹಾಕಿಕೊಟ್ಟೆ. ಅವರು ಹೊರಡುವಾಗ ಮುನಿರಾಜಣ್ಣನಿಗೆ ಹೇಳಿದೆ: “ಇವ್ನಿಗೆ ಬೈದಿದ್ದು ಸಾಕು. ಆದ್ರೆ ಈಗ್ಲೇ ಸೈಟಿಗೆ ಕಳಿಸ್ಬೇಡಿ. ಇವ್ನ ಕೈಗೆ ಉಲ್ಟಾನೇ ಅಭ್ಯಾಸ ಆಗೋಗಿದೆ.”

ಮುಂದಿನ ವಾರ ಬಾಣಸವಾಡಿ ಕಡೆ ಹೋದಾಗ ಖಾಲಿ ಸೈಟಿನಲ್ಲಿ ಸೆಲ್ವ ಖಾಲಿ ಬಕೆಟ್ ಎತ್ತಿ ಇಳಿಸುತ್ತಿದ್ದ. ಮುನಿರಾಜಣ್ಣನ ಅಕ್ಕನ ಮಗ ಪಕ್ಕದಲ್ಲಿ ನಿಂತು ಕೂಗುತ್ತಿದ್ದ: “ಎಳೀರಿ ಸೆಲ್ವಣ್ಣ, ಎಳೀರಿ! ತಳ್ಬೇಡಿ!”

ಅಂದಿನಿಂದ ಯಾವ ಗಾಡಿ ಬಂದರೂ ಸ್ಪ್ಯಾನರ್ ಹಿಡಿಯುವ ಮೊದಲು ಡ್ರೈವರನ್ನು ಇಳಿಸಿ ಲಿವರನ್ನು ನಾನೇ ಆಡಿಸುತ್ತೇನೆ. ದಿನಾ ಓಡಿಸುವವನ ಕೈ ದೋಷಕ್ಕೆ ಒಗ್ಗಿರುತ್ತದೆ. ಅವನು ಆಡಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.